ಜೋಳದ ಚೀಲದಲ್ಲಿ ಸಿಕ್ಕ ಕರಡಿಗೆ

ದವಸದ ಪೇಟೆಯಾದ ಬೀದರಿನ ಗಂಜಿನಲ್ಲಿ ಕಾಳು ಹಸನು ಮಾಡುವ ಹೆಂಗಸರು ಹತ್ತು ಹದಿನೈದು ಮಂದಿ ಇದ್ದರು. ಅವರಲ್ಲಿ ಗುಂಡಮ್ಮನ ಹೆಸರು ಎಲ್ಲರಿಗೂ ಗೊತ್ತಿತ್ತು. ಕಾಳು ಹಸನು ಮಾಡುವುದು ಅವಳ ಹೊಟ್ಟೆಪಾಡು. ಕಾಳಜಿ ಮಾಡುವುದು ಅವಳ ನಿಜವಾದ ಕಸುಬು. ಮೊರದಲ್ಲಿ ಕೇರಿದರೆ ಕಲ್ಲು, ಹೊಟ್ಟು ಒಂದು ಕಡೆಗೆ ಸರಿದು ಕಾಳು ಉಳಿಯುತ್ತಿತ್ತು. ಮನಸ್ಸಿನಲ್ಲಿ ಕೇರಿದರೆ ಕಾಳೆಲ್ಲ ಹಾರಿಹೋಗಿ ಕಲ್ಲಷ್ಟೇ ಉಳಿಯುತ್ತಿತ್ತು. ಗಂಡ ಮಡೆಪ್ಪ ಕೆಮ್ಮಿದರೆ ಅದು ಕ್ಷಯ. ಓಣಿಯ ನಾಯಿ ಬೊಗಳಿದರೆ ಕಳ್ಳ ಬಂದಿದ್ದಾನೆ. ಬೊಗಳದಿದ್ದರೆ ಕಳ್ಳ ನಾಯಿಗೆ ವಿಷ ಹಾಕಿದ್ದಾನೆ. ಮಡೆಪ್ಪ ಅದೇ ಗಂಜಿನಲ್ಲಿ ಹಮಾಲ. ತಾನು ಬೆನ್ನ ಮೇಲೆ ಹೊರುವ ಚೀಲಗಳಿಗಿಂತ ಹೆಂಡತಿ ತಲೆಯಲ್ಲಿ ಹೊರುವ ಚೀಲಗಳೇ ಹೆಚ್ಚೆಂದು ಅವನು ಕಂಡವರಿಗೆಲ್ಲ ಹೇಳುತ್ತಿದ್ದ.

ಸಾವಿರದ ಒಂಬೈನೂರ ನಲವತ್ತೆಂಟರ ಸೆಪ್ಟೆಂಬರಿನಲ್ಲಿ ನಿಜಾಮನ ಸರಹದ್ದು ದಾಟಿ ಹಿಂದುಸ್ತಾನದ ಫೌಜು ಬಂತು. ಒಬ್ಬ ಪೊಲೀಸನೂ ಇಲ್ಲದ ಆ ಕೆಲಸಕ್ಕೆ ಪೊಲೀಸ್ ಆಕ್ಷನ್ ಎಂದು ಹೆಸರಾಯಿತು. ರಜಾಕಾರರ ಹೆದರಿಕೆಯಲ್ಲಿ ವರ್ಷವಿಡೀ ಬಾಗಿಲಿಗೆ ಅಗುಳಿ ಹಾಕಿ ಕುಳಿತವರು ಹೊರಗೆ ಬಂದು ಉಸಿರು ಬಿಟ್ಟರು. ಎಲ್ಲರೂ ಅಲ್ಲ. ಮಡೆಪ್ಪನ ಜೋಡಿ ಹಮಾಲ ಹಬೀಬ ಕೆಲಸಕ್ಕೆ ಬರುವುದು ನಿಂತಿತ್ತು. ಅವನ ಮನೆಗೆ ಹೊರಗಿನಿಂದ ಕೀಲಿ ಬಿದ್ದಿತ್ತು. ಎಲ್ಲಿಗೆ ಹೋದರು ಎಂದು ಕೇಳಿದರೆ ಓಣಿಯವರು ನೆಲ ನೋಡುತ್ತಿದ್ದರು. ಗುಂಡಮ್ಮ ದಿನಕ್ಕೆರಡು ಸಲ ಆ ಕೀಲಿಯನ್ನು ನೋಡಿ ಬರುತ್ತಿದ್ದಳು.

ಅಕ್ಟೋಬರಿನ ಮೊದಲ ವಾರ ಗಂಜು ಮತ್ತೆ ತೆರೆಯಿತು. ಶಿವರಾಜಪ್ಪ ಸಾವಕಾರರ ಅಡತಿ ಅಂಗಡಿಗೆ ಸಂತಪುರದ ಕಡೆಯಿಂದ ಬಿಳಿಜೋಳದ ಚೀಲಗಳು ಬಂದಿದ್ದವು. ಮೂರನೆಯ ಚೀಲವನ್ನು ನೆಲಕ್ಕೆ ಹಾಸಿದ ಜಾಡಿಯ ಮೇಲೆ ಸುರಿದಾಗ ಜೋಳದ ಜೊತೆ ಏನೋ ಒಂದು ಠಣ್ಣೆಂದು ಮೊರದ ಅಂಚಿಗೆ ಬಡಿದು ಬಿತ್ತು. ಲಿಂಗ ಇಟ್ಟು ಕೊರಳಿಗೆ ಕಟ್ಟುವಂಥ, ಬೆಳ್ಳಿಯ ಹಾಗೆ ಹೊಳೆಯುವ ಗುಂಡನೆಯ ಕರಡಿಗೆ. ಅದಕ್ಕೆ ಮಾಸಿದ ಬಿಳಿ ದಾರ. ಮುಚ್ಚಳದ ಮೇಲೆ ತ್ರಿಶೂಲ ಕೊರೆದಿತ್ತು. ಗುಂಡಮ್ಮನ ಕೈ ಅರ್ಧಕ್ಕೇ ನಿಂತಿತು.

“ಅಯ್ಯ ಶಿವನೇ! ಯಾರ್ದೋ ಲಿಂಗ ಬಿದ್ದದ!”

ಹೆಂಗಸರೆಲ್ಲ ಮೊರ ಬಿಟ್ಟು ಸುತ್ತ ನೆರೆದರು. ಯಾರೂ ಮುಟ್ಟಲಿಲ್ಲ. ಒಬ್ಬರ ಕೊರಳ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಕರಡಿಗೆ ತೆರೆದು ನೋಡುವುದಂತೂ ಕನಸಿನ ಮಾತು. ಗುಂಡಮ್ಮ ಮಡಿಯ ಬಟ್ಟೆ ತರಿಸಿ, ಬೆರಳು ತಾಕದಂತೆ ಅದನ್ನು ಸುತ್ತಿ, ಹಣೆಗೆ ಒತ್ತಿಕೊಂಡು ಗಂಟು ಕಟ್ಟಿದಳು.

ಅವಳಿಗೆ ಗೊತ್ತಿರದ ಸಂಗತಿಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅದು ಕರಡಿಗೆಯಾಗಿರಲಿಲ್ಲ. ಲಡಾಯಿ ಹಡಗಿನವರು ಜೇಬಿನಲ್ಲಿ ಇಟ್ಟುಕೊಳ್ಳುವ ದಿಕ್ಸೂಚಿ. ಮುಚ್ಚಳದ ಮೇಲಿದ್ದದ್ದು ಲಂಗರಿನ ಗುರುತು. ತಲೆಕೆಳಗಾಗಿ ಬಿದ್ದಿದ್ದರಿಂದ ತ್ರಿಶೂಲವಾಗಿತ್ತು. ಸಮುದ್ರ ಬೀದರಿನಿಂದ ನೂರಾರು ಮೈಲಿ. ಈ ಕಡೆಯವರು ಕಂಡ ದೊಡ್ಡ ನೀರೆಂದರೆ ಮಾಂಜ್ರಾ ಹೊಳೆ, ಅದರಲ್ಲಿ ಲಂಗರು ಹಾಕುವ ಘನತೆಯುಳ್ಳದ್ದು ಯಾವುದೂ ತೇಲಿದ್ದಿಲ್ಲ. ಲಿಂಗ ಬಲ್ಲವಳು ಲಂಗರನ್ನು ಹೇಗೆ ಬಲ್ಲಾಳು? ಕರಡಿಗೆ ಯಾಕೋ ಚಪ್ಪಟೆಯಾಗಿದೆ ಎಂದು ಅವಳಿಗೂ ಅನಿಸಿತು. ದೂರದ ಅಕ್ಕಸಾಲಿಗ ಮಾಡಿದ್ದಿರಬೇಕು ಎಂದುಕೊಂಡಳು. ಅಷ್ಟರಲ್ಲಿ ದೊಡ್ಡ ಕಾಳಜಿ ಬಂದು ಈ ಸಣ್ಣ ಅನುಮಾನವನ್ನು ನೂಕಿತು: ಲಿಂಗ ಇಲ್ಲಿದ್ದರೆ ಲಿಂಗದವನು ಎಲ್ಲಿದ್ದಾನೆ? ಉಂಡಿದ್ದಾನೋ ಇಲ್ಲವೋ?

ಲಿಂಗ ಕಳೆದವನು ಅದು ಕೊರಳಿಗೆ ಬರುವ ತನಕ ಅನ್ನ ಮುಟ್ಟುವಂತಿಲ್ಲ. ಆ ದಿನ ಮಧ್ಯಾಹ್ನ ಗುಂಡಮ್ಮ ಬುತ್ತಿ ಬಿಚ್ಚಿ ರೊಟ್ಟಿ ಮುರಿದಳು. ಬಾಯಿ ತನಕ ಬಂದ ತುತ್ತು ಒಳಗೆ ಇಳಿಯಲಿಲ್ಲ. ಎಲ್ಲೋ ಒಬ್ಬ ಹಸಿದು ಕುಳಿತಿದ್ದಾನೆ, ಅವನ ಊಟ ತನ್ನ ಗಂಟಿನಲ್ಲಿದೆ. ರೊಟ್ಟಿ ಎಮ್ಮೆಗೆ ಹೋಯಿತು.

ಸಂಜೆ ಮನೆಯಲ್ಲಿ ಮಡೆಪ್ಪನಿಗೆ ಗೂಟಕ್ಕೆ ತೂಗುಬಿಟ್ಟ ಗಂಟೂ ಅದರ ಮುಂದಿನ ದೀಪವೂ ಕಂಡವು. ತನ್ನ ಒಬ್ಬನದೇ ತಾಟೂ ಕಂಡಿತು.

“ನಿಂದೆಲ್ಲಿ?”

“ನನಗ ಬ್ಯಾಡ್ರಿ. ಅವ ಉಂಡ ಮ್ಯಾಲ ಉಣ್ತೀನಿ.”

“ಯಾರವ?”

“ಯಾರಂತ ಗೊತ್ತಿದ್ರ ಇಷ್ಟು ಫಿಕರ್ ಯಾಕ ಮಾಡ್ತಿದ್ದೆ?”

“ಏ ಗುಂಡಿ, ಅವ ಮಠಕ್ಕ ಹೋಗಿ ಬ್ಯಾರೇ ಲಿಂಗ ಕಟ್ಟಿಸಿಕೊಂಡು ಇಷ್ಟೊತ್ತಿಗೆ ಹೊಟ್ಟಿ ತುಂಬ ಉಂಡು ಮಲಗ್ಯಾನ.”

“ಯಾವ ಮಠಕ್ಕ? ಐನೋರೆಲ್ಲ ರಜಾಕಾರರಿಗೆ ಅಂಜಿ ಗಡಿ ದಾಟಿ ಹೋಗಿ ಕುಂತಾರ. ಯಾರು ಕಟ್ತಾರ್ರಿ ಅವಂಗ, ನಿಮ್ಮ ಹಮಾಲರ ಮುಕ್ಕದಮನೇ?”

ಮಡೆಪ್ಪ ತಲೆ ತಗ್ಗಿಸಿ ಉಂಡ. ಹೆಂಡತಿ ಪ್ರತಿ ತುತ್ತಿಗೂ ಒಂದು ನಿಟ್ಟುಸಿರು ಬಿಟ್ಟಳು. ನಾಲ್ಕು ರೊಟ್ಟಿ ಉಣ್ಣುವವನು ಎರಡಕ್ಕೇ ಕೈ ತೊಳೆದ.

ಮರುದಿನ ಬೆಳಿಗ್ಗೆ ಅವಳು ಸಾವಕಾರರ ಗಾದಿಯ ಮುಂದೆ ನಿಂತಳು. ಶಿವರಾಜಪ್ಪನವರು ಚೀಲದ ಗುರುತು ನೋಡಿ, “ಇವು ಧೊಂಡಿಬಾನ ಬಂಡಿಯಾಗ ಬಂದಾವ. ಅವಂಗೇ ಕೇಳು ತಾಯಿ, ನನಗ ಬಿಡು,” ಎಂದರು. ಎರಡು ದಿನದ ಹಿಂದೆ ಬಂಡಿ ಹೊಡೆದು ತಂದ ಧೊಂಡಿಬಾ ಗಂಜಿನ ಬೇವಿನ ಗಿಡದ ಕೆಳಗೆ ಎತ್ತುಗಳಿಗೆ ಮೇವು ಹಾಕುತ್ತಿದ್ದ.

“ಔರಾದದಿಂದ ಹೊಂಟೆ, ಸಂತಪುರದಾಗ ಚೀಲ ಹೇರಿದೆ,” ಎಂದ ಅವನು. “ಅಲ್ಲೇ ಒಬ್ಬ ಬಂಡಿ ಹತ್ತಿದ ನೋಡು ತಾಯಿ. ಅಕ್ಕನ ಮನಿಗೆ ಬಂದಿದ್ದೆ, ಭಾಲ್ಕಿಗೆ ಹೋಗಬೇಕು, ಬೀದರ ತನಕ ಬಿಡು ಅಂದ. ನಡಿಗಿ ಒಂಥರಾ, ನೆಲ ಅಲ್ಲಾಡ್ತದೇನೋ ಅನ್ನೂವಂಗ ಕಾಲು ಅಗಲಿಟ್ಟು ನಡೀತಾನ. ಮಾಂಜ್ರಾ ದಾಟೂ ಕಡಿ ಫೌಜಿನವರು ನಿಂದರ್ಸಿದ್ರು. ಬಂದೂಕ ಅಡಗ್ಸೀರೇನು ಅಂತ ಚೀಲದ ಹೊಲಿಗಿ ಬಿಚ್ಚಿ ಸಲಾಕಿ ಚುಚ್ಚಿ ನೋಡಿದ್ರು.”

“ಅವ ಏನ್ ಮಾಡಿದ?”

“ಎದಿ ಮ್ಯಾಲ ಕೈ ಇಟ್ಟುಕೊಂಡು ಚೀಲದ ಸಂದ್ಯಾಗ ಕುಂತಿದ್ದ. ಮಾರಿ ಸುಣ್ಣ ಆಗಿತ್ತು. ಆಮ್ಯಾಲ ನಾ ಚೀಲ ಹೊಲದೆ. ಇಬ್ಬರು ಸಿಪಾಯಿಗೋಳು ಬಂಡಿ ಮ್ಯಾಲೇ ಕುಂತು ಬೀದರಕ್ಕ ಬಂದ್ರು. ಇವ ಚೀಲದ ಕಡಿ ನೋಡ್ದ, ಸಿಪಾಯಿ ಕಡಿ ನೋಡ್ದ, ಇಳದು ನಡಕೋತ ಹ್ವಾದ. ಹೆಸರು ಕೇಳಲಿಲ್ಲ.”

ಗುಂಡಮ್ಮನಿಗೆ ಎಲ್ಲ ಕಣ್ಣಿಗೆ ಕಟ್ಟಿತು. ಎಂಥ ನೇಮದ ಮನುಷ್ಯ! ಪರರ ಕೈ ಲಿಂಗಕ್ಕೆ ತಾಕಬಾರದೆಂದು ತೆರೆದ ಚೀಲದಲ್ಲಿ ಇಳಿಬಿಟ್ಟಿದ್ದಾನೆ. ಇಂಥವನು ಉಪವಾಸ ಸತ್ತಾನೇ ಹೊರತು ಉಣ್ಣಲಾರ. ಇವತ್ತಿಗೆ ಮೂರನೆಯ ದಿನ.

ಭಾಲ್ಕಿ ಅವಳ ತವರೂರು. ಅಪ್ಪ ಅವ್ವ ಹೋದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಮರುದಿನದ ಮೊದಲ ರೈಲಿಗೆ ಮಡೆಪ್ಪ ಅವಳನ್ನು ಹತ್ತಿಸಿದ. “ಕಾಲ ಸೀದಾ ಇಲ್ಲ, ನಾನೂ ಬರ್ತೀನಿ,” ಎಂದವನಿಗೆ, “ನೀವು ಬಂದ್ರ ಹಬೀಬಣ್ಣ ವಾಪಸ್ ಬಂದಾಗ ಇಲ್ಲಿ ಯಾರಿರ್ತಾರ?” ಎಂದಳು.

ಗಂಟನ್ನು ಅವಳು ಹಿತ್ತಾಳೆಯ ಚರಿಗೆಯಲ್ಲಿಟ್ಟು, ಚರಿಗೆಯನ್ನು ತೊಡೆಯ ಮೇಲಿಟ್ಟು, ಎರಡೂ ಕೈಯಿಂದ ಮುಚ್ಚಿ ಕುಳಿತಿದ್ದಳು. ರೈಲು ಕುಲುಕಿದಾಗೊಮ್ಮೆ ಅವಳ ಜೀವ ಕುಲುಕುತ್ತಿತ್ತು. ಎರಡು ದಿನದ ಹಸಿವಿಗೆ ಕಣ್ಣು ಮಂಜಾಗಿತ್ತು. ಲಿಂಗದವನ ಹಸಿವು ತನ್ನದಕ್ಕಿಂತ ಹಿರಿಯದು ಎಂದು ಲೆಕ್ಕ ಹಾಕಿ ಇನ್ನಷ್ಟು ಕಂಗೆಟ್ಟಳು.

ಭಾಲ್ಕಿ ಸ್ಟೇಷನ್ನಿನಲ್ಲಿ ಫೌಜಿನವರು ಇಳಿದವರ ಗಂಟುಮೂಟೆ ಬಿಚ್ಚಿಸುತ್ತಿದ್ದರು. ಒಬ್ಬ ಸಿಪಾಯಿ ಚರಿಗೆಯತ್ತ ಬೆರಳು ಮಾಡಿದ.

“ಇಸ್ ಮೇ ಕ್ಯಾ ಹೈ?”

ಗಂಜಿನಲ್ಲಿ ಕಲಿತ ದಖ್ಖನಿ ಗುಂಡಮ್ಮನ ಕೈಹಿಡಿಯಿತು. “ಖೋಲೋ ನಕ್ಕೋ ಸಾಬ್! ಏಕ್ ಆದ್ಮಿ ಕೀ ಜಾನ್ ಹೈ!”

ತೆರೆಯಬೇಡಿ, ಒಬ್ಬನ ಜೀವ ಚರಿಗೆಯೊಳಗಿದೆ ಎಂದರೆ ಯಾವ ಸಿಪಾಯಿಯೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಇವನೂ ಸರಿದ, ಸರಿದು ಬಂದೂಕು ನೆಟ್ಟಗೆ ಮಾಡಿದ. ಗುಂಡಮ್ಮ ಚರಿಗೆಯನ್ನು ಎದೆಗೆ ಅವುಚಿಕೊಂಡಳು. ಹಿಂದೆ ನಿಂತಿದ್ದ ವಯಸ್ಸಾದ ಸಿಪಾಯಿ ಅವಳ ಹಣೆಯ ವಿಭೂತಿ ನೋಡಿದ, ಚರಿಗೆಯಲ್ಲಿದ್ದ ಮಡಿಬಟ್ಟೆ ನೋಡಿದ. “ಭಗವಾನ್?” ಎಂದ. ಅವಳು ಹೌದೆಂದು ತಲೆ ಆಡಿಸಿದಳು. ಅವನು ಕೈ ಮುಗಿದು ದಾರಿ ಬಿಟ್ಟ. ಹಡಗಿನ ಫೌಜಿನ ಸೊತ್ತು ನೆಲದ ಫೌಜಿನ ಕಣ್ಣೆದುರಿಗೆ, ನಮಸ್ಕಾರ ಮಾಡಿಸಿಕೊಂಡು ಪಾರಾಯಿತು.

ಊರೊಳಗೆ ಹೆಚ್ಚು ಹುಡುಕಬೇಕಾಗಲಿಲ್ಲ. ಹಿಟ್ಟಿನ ಗಿರಣಿಯ ಮುಂದೆ ಪಾಳಿ ಹಚ್ಚಿದ್ದ ಹೆಂಗಸರಿಗೆ ಚಪ್ಪಟೆ ಕರಡಿಗೆ, ಮೇಲೆ ತ್ರಿಶೂಲ ಎಂದಾಕ್ಷಣ ಒಬ್ಬಳು ನಕ್ಕಳು. “ಅದು ಕೇಶರಬಾಯಿ ಮಗ ಮನ್ಮಥಪ್ಪಂದು ಬಿಡ್ರಿ, ಮುಂಬೈ ಕರಡಗಿ! ಮಗ ಮಿಲ್ಲಿನಾಗ ದುಡದು ಮಾಡಿಸಿಕೊಂಡು ಬಂದಾನಂತ ಊರಿಗೆಲ್ಲ ಡಂಗುರಾ ಸಾರ್ಯಾಳ. ಪಾಪ, ಅವ ನಾಕು ದಿನದಿಂದ ಜ್ವರ ಬಂದು ಮಲಗ್ಯಾನ. ನೀರು ಬಿಟ್ಟು ಏನೂ ತಗೊಂಡಿಲ್ಲಂತ.”

ಗುಂಡಮ್ಮ ಓಡಿದಳು.

ಕೇಶರಬಾಯಿ ಅಂಗಳದಲ್ಲಿ ಕುಳ್ಳು ತಟ್ಟುತ್ತಿದ್ದಳು. ಮೊಣಕೈ ತನಕ ಸೆಗಣಿ. “ನಿಮ್ಮ ಮಗನ ಲಿಂಗದ ಸುದ್ದಿ ತಂದೇನ್ರಿ, ಚೀಲದಾಗ ಬಿದ್ದಿತ್ತು,” ಎಂದದ್ದೇ ತಡ, ಅವಳು ಎದ್ದು ನಿಂತಳು.

“ಕಳದಿತ್ತೇನು? ಅದಕ್ಕೇ ಕೌದಿ ಕೊರಳ ತನಕ ಹೊತ್ತು ಮಲಗ್ಯದಾ ನನ್ನ ಕೂಸು? ಅಯ್ಯಯ್ಯ! ನಿಂದ್ರು ತಾಯಿ, ಮೈಲಿಗಿ ಕೈ ಅದ. ಎರಡು ಚರಿಗಿ ನೀರು ಹಾಕ್ಕೊಂಡು ಬರ್ತೀನಿ. ಒಳಗ ಹೋಗು, ಅವಂಗ ಹೇಳು, ಜೀವ ಬರಲಿ.”

ಒಳಗೆ ಮನ್ಮಥಪ್ಪ ಮಲಗಿದ್ದ. ವಯಸ್ಸು ಇಪ್ಪತ್ತೈದೋ ಇಪ್ಪತ್ತಾರೋ. ಕೆನ್ನೆ ಒಳಗೆ ಹೋಗಿತ್ತು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಶುರುವಾಯಿತು. ಗುಂಡಮ್ಮ ಗಂಟು ಬಿಚ್ಚಿ ಮುಂದೆ ಹಿಡಿದಳು.

“ತಮ್ಮಾ, ತಂದೇನಿ ನೋಡು. ಏಳು, ಜಳಕಾ ಮಾಡು, ಪೂಜಿ ಮಾಡಿ ಉಣ್ಣು.”

ಅವನ ಮುಖದಲ್ಲಿ ಜೀವ ಬರಲಿಲ್ಲ, ಇದ್ದದ್ದೂ ಹೋಯಿತು. “ಇದನ್ನ ಯಾರಿಗರ ತೋರಿಸೀರೇನ್ರಿ?”

“ಗಂಜಿನಾಗ ಎಲ್ಲಾರೂ ನೋಡ್ಯಾರ. ಸ್ಟೇಷನ್ನಿನಾಗ ಸಿಪಾಯಿನೂ...”

“ಸಿಪಾಯಿನೂ!” ಅವನು ಕಣ್ಣು ಮುಚ್ಚಿದ. “ಮುಗೀತ್ರಿ ನನ್ನ ಕಥಿ.”

ಆಮೇಲೆ ಅವನು ಕೈ ಚಾಚಿ ಗುಂಡಮ್ಮ ಮೂರು ದಿನ ಮುಟ್ಟಲು ಹೆದರಿದ್ದ ಮುಚ್ಚಳವನ್ನು ಹೆಬ್ಬೆರಳಿನಿಂದ ಎಬ್ಬಿಸಿದ. ಒಳಗೆ ಲಿಂಗವಿರಲಿಲ್ಲ. ಗಾಜಿನ ಕೆಳಗೆ ಒಂದು ಸೂಜಿ ಗಡಗಡ ನಡುಗುತ್ತಿತ್ತು, ನಿಲ್ಲಲಿಕ್ಕೆ ಜಾಗ ಹುಡುಕುತ್ತಿತ್ತು.

“ನಾ ಮಿಲ್ಲಿನಾಗ ಇರಲಿಲ್ರಿ ಅಕ್ಕಾ,” ಎಂದ ಮನ್ಮಥಪ್ಪ, ಒಂದು ಕಿವಿ ಬಚ್ಚಲಿನ ಕಡೆ ಇಟ್ಟು. “ಲಡಾಯಿ ಹಡಗಿನಾಗ ಇದ್ದೆ. ಅವ್ವಗ ಗೊತ್ತಿಲ್ಲ. ಒಂದಿನ ಹಡಗು ತೊಳಿಯೂ ಮುಂದ ಶಿವದಾರ ಹರದು ಲಿಂಗ ಸಮುದ್ರಕ್ಕ ಬಿತ್ತು. ಮೂರು ದಿನ ಉಪಾಸ ಇದ್ದೆ. ನಾಕನೇ ದಿನ ತಡೀಲಾರದ ಉಂಡೆ. ಉಂಡೇ ಬಿಟ್ಟೆ. ಮುಂದ ಎರಡು ವರ್ಷಕ್ಕ ಮುಂಬೈದಾಗ ಹಡಗಿನ ಮಂದಿ ಸಂಪು ಹೂಡಿದ್ರು, ಗುಂಡು ಹಾರಿದ್ವು. ನಾ ಹೆದರಿ ಓಡಿ ಬಂದೆ. ಹಡಗು ನಿಲ್ಲೂ ಗೋದಿಯ ಬಾಗಿಲಾಗ ಇದು ಬಿದ್ದಿತ್ತು, ಎತ್ತಿಕೊಂಡೆ. ಬರಿಗೊರಳಲೆ ಅವ್ವನ ಮುಂದ ಹ್ಯಾಂಗ ನಿಂದರ್ಲಿ? ಇದನ್ನೇ ಕಟ್ಟಿಕೊಂಡೆ. ಗ್ವಾಡಿ ಕಡಿ ಮಾರಿ ಮಾಡಿ ಪೂಜಿ ಮಾಡ್ತಿದ್ದೆ.”

“ಅಂದ್ರ ಇದು ನಿಂದಲ್ಲ?”

“ಅಲ್ರಿ.”

“ಮತ್ತ್ಯಾರ್ದು?”

“ಯಾರಿಗೆ ಗೊತ್ರಿ!” ಹಸಿದವನಿಗೂ ಸಿಟ್ಟು ಬಂತು. “ಫೌಜು ಬಿಟ್ಟು ಓಡಿದವರನ್ನ ಹಿಡದು ಜೇಲಿಗೆ ಹಾಕ್ತಾರ. ನಿಜಾಮನ ಸರಹದ್ದಿನಾಗ ಅವರ ಕೈ ಮುಟ್ಟೂದಿಲ್ಲಂತ ಧೈರ್ಯದಿಂದ ಇದ್ದೆ. ಈಗ ಅವರೇ ಬಾಗಿಲಿಗೆ ಬಂದು ನಿಂತಾರ. ಇದು ಕೊರಳಾಗ ಸಿಕ್ರ ಅವರು ಒಯ್ತಾರ. ಇಲ್ದಿದ್ರ ಪೂಜಿಗಿ ಕುಂದರೂಹಂಗಿಲ್ಲ. ಪೂಜಿ ಇಲ್ದ ನಮ್ಮವ್ವ ಗಂಜಿನೂ ಕೊಡೂದಿಲ್ಲ.”

ಊರಿಗೆಲ್ಲ ಹೆದರಿಕೆ ಮುಗಿದ ದಿನ ಇವನ ಹೆದರಿಕೆ ಶುರುವಾಗಿತ್ತು. ದಿಕ್ಕು ತೋರಿಸುವ ಸಾಮಾನು ಕೊರಳಲ್ಲಿದ್ದೂ ದಿಕ್ಕಿಲ್ಲದವನಾಗಿದ್ದ.

“ಕಳೀತು ಅಂತ ಅವ್ವಗ ಹೇಳಿ ಬ್ಯಾರೇ ಕಟ್ಟಿಸಿಕೊಂಡ್ರ?”

“ಹ್ಯಾಂಗ ಕಳೀತು, ಎಲ್ಲಿ ಕಳೀತು ಅಂತಾಳ. ಒಂದಕ್ಕ ಬಾಯಿ ಬಿಟ್ರ ಎಲ್ಲಾ ಬರ್ತದ. ಇಷ್ಟು ವರ್ಷ ಲಿಂಗ ಇಲ್ದ ಉಂಡೇನಂತ ತಿಳದ್ರ ಅಕಿ ಊಟ ಬಿಡ್ತಾಳ್ರಿ ಅಕ್ಕಾ. ನಾ ಏಳೂದರಾಗ ಅಕಿ ಮಲಗ್ತಾಳ.”

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು.

ಗುಂಡಮ್ಮ ಅಷ್ಟು ವರ್ಷ ಮಾಡಿದ ಕಾಳಜಿಗಳೆಲ್ಲ ಮುಂದೆ ಆಗಬಹುದಾದವು. ಇದೊಂದೇ ಈಗಲೇ ಆಗುತ್ತಿದ್ದದ್ದು. ಇವನಿಗೆ ಇದನ್ನು ತಿರುಗಿ ಕೊಟ್ಟರೆ ಸೂಜಿಗೆ ಬಿಲ್ವಪತ್ರೆ ಏರಿಸಿದ ಪಾಪ ತನಗೂ ಬಂತು, ಹೊರಗೆ ಸಿಪಾಯಿಗಳಂತೂ ಇದ್ದೇ ಇದ್ದಾರೆ. ಕೊಡದಿದ್ದರೆ ಇವನು ಉಣ್ಣುವುದಿಲ್ಲ. ನಿಜ ಹೇಳಿದರೆ ತಾಯಿ ಉಣ್ಣುವುದಿಲ್ಲ. ಅವಳು ಮುಚ್ಚಳ ಮುಚ್ಚಿ, ಗಂಟು ಬಿಗಿದು, ಚರಿಗೆಯ ತಳಕ್ಕೆ ಒತ್ತಿ, ಮೇಲೆ ಸೆರಗು ಮುಚ್ಚಿದಳು.

ಕೇಶರಬಾಯಿ ಒದ್ದೆ ಕೂದಲಿನಲ್ಲೇ ಬಂದಳು. ಎರಡೂ ಅಂಗೈ ಜೋಡಿಸಿ ಮುಂದೆ ಹಿಡಿದಿದ್ದಳು. “ಕೊಡು ತಾಯಿ.”

ಗುಂಡಮ್ಮ ಅವಳ ಕಾಲ ಮೇಲೆ ಬಿದ್ದಳು.

“ತಪ್ಪಾತ್ರಿ ಯಕ್ಕಾ. ರೈಲಿನಿಂದ ಇಳಿಯೂ ಮುಂದ ನನ್ನ ಕೈಲಿಂದ ಜಾರಿ ಬಿತ್ತು. ಕರಡಗಿ ಒಡದು ಒಳಗಿಂದು ಸೀಳ್ತು. ಹೆದರಿ ಹಳ್ಳಕ್ಕ ಬಿಟ್ಟು ಬಂದೇನಿ. ನಿಮ್ಮ ಮಗಂದು ಏನೂ ತಪ್ಪಿಲ್ರಿ. ಸಂತಪುರದ ಬಂಡ್ಯಾಗ ಫೌಜಿನವರ ಕೈ ತಾಕಬಾರದಂತ ಚೀಲದಾಗ ಇಟ್ಟಿದ್ದ. ಎಲ್ಲಾ ನನ್ನಿಂದ ಆತು.”

ಲಿಂಗ ಭಿನ್ನ ಮಾಡುವುದಕ್ಕಿಂತ ದೊಡ್ಡ ತಪ್ಪು ಗುಂಡಮ್ಮನಿಗೆ ಗೊತ್ತಿರಲಿಲ್ಲ. ಕೇಶರಬಾಯಿಗೂ ಗೊತ್ತಿರಲಿಲ್ಲ.

“ನಿನ್ನ ಕೈ ಮುರೀಲಿ! ಕಣ್ಣೆಲ್ಲಿ ಇಟ್ಟಿದ್ದಿ, ನೆತ್ತಿ ಮ್ಯಾಲೇನು? ಬೆಣ್ಣಿ ಹಚ್ಕೊಂಡು ಬಂದಿದ್ದೇನ ಕೈಗೆ? ಬೀದರದಿಂದ ಇಷ್ಟು ದೂರ ತಂದಾಕಿಗೆ ಇನ್ನ ನಾಕು ಮಾರು ತರಲಿಕ್ಕ ಆಗಲಿಲ್ಲ!” ಬೈಗುಳ ಅಂಗಳ ದಾಟಿ ಓಣಿಗೆ ಹೋಯಿತು, ಓಣಿಯವರು ಬಾಗಿಲಿಗೆ ಬಂದರು. ಗುಂಡಮ್ಮ ತಲೆ ಎತ್ತಲಿಲ್ಲ. ಮನ್ಮಥಪ್ಪ ಬಾಯಿ ತೆರೆಯಹೋದ. ಅವಳು ನೆಲದಿಂದಲೇ ಅವನ ಕಡೆ ಬೆರಳು ಎತ್ತಿದಳು, ಮಾತಾಡಿದರೆ ಹುಷಾರ್ ಎನ್ನುವ ಹಾಗೆ.

ಬೈದು ಬೈದು ದಣಿದ ಮೇಲೆ ಕೇಶರಬಾಯಿ ಮಗನ ಕಡೆ ತಿರುಗಿದಳು. ದನಿ ಒಡೆಯಿತು. “ನಾಕು ದಿನ ನುಂಗಿಕೊಂಡು ಮಲಗಿದ್ದೆಲ್ಲೋ. ನನಗ ಹೇಳಬಾರದೇನೋ ನನ್ನಪ್ಪಾ?” ಉತ್ತರಕ್ಕೆ ಕಾಯದೆ ಸೆರಗು ಹೊದ್ದು, ಮೊನ್ನೆಯಷ್ಟೇ ಗಡಿಯ ಆಚೆಯಿಂದ ವಾಪಸು ಬಂದಿದ್ದ ಐನೋರನ್ನು ಕರೆಯಲು ಹೋದಳು.

ಮುಂದೆ ಆ ದಿಕ್ಸೂಚಿ ಗುಂಡಮ್ಮನ ಜೊತೆಗೇ ಬೀದರಿಗೆ ಬಂತು. ಮನ್ಮಥಪ್ಪ ಬಾವಿಗೆ ಒಗೆಯಿರಿ ಎಂದಿದ್ದ. ಯಾರದೋ ಸಾಮಾನು, ಒಗೆಯಲಿಕ್ಕೆ ತಾನ್ಯಾರು ಎಂದು ಅವಳು ಒಗೆಯಲಿಲ್ಲ. ಮಿಶನ್ ಸಾಲಿಯ ಬರ್ನಬಾಸ ಮಾಸ್ತರು ಅದರ ಬೆನ್ನ ಮೇಲಿದ್ದದ್ದನ್ನು ಓದಿ, ಎರಡು ಇಂಗ್ಲಿಷ್ ಅಕ್ಷರ ಒಂದು ಸಂಖ್ಯೆ ಅಷ್ಟೇ, ಹೆಸರಿಲ್ಲ ಎಂದರು. ಮುಂಬೈಗೆ ಹೋಗುವವರು ಯಾರೇ ಸಿಕ್ಕಲಿ, “ಅಲ್ಲಿ ಹಡಗಿನವರನ್ನ ಕೇಳ್ರಿ, ಯಾರ್ದರ ಕಳದದ ಏನು?” ಎಂದು ಇಪ್ಪತ್ತು ವರ್ಷ ಹೇಳಿ ಕಳಿಸಿದಳು. ಯಾರೂ ಬರಲಿಲ್ಲ. ಮನ್ಮಥಪ್ಪನನ್ನು ಹುಡುಕಿಕೊಂಡೂ ಯಾರೂ ಬರಲಿಲ್ಲ. ಆ ಗಡಿಬಿಡಿಯಲ್ಲಿ ಅಂಥದೊಂದು ಹೆಸರು ಯಾವ ಕಾಗದದ ಅಡಿಯಲ್ಲಿ ಬಿದ್ದಿತ್ತೋ.

ಭಾಲ್ಕಿಯಲ್ಲಿ ಆ ದಿನ ಮಧ್ಯಾಹ್ನ ಐನೋರು ಬಂದು ಮನ್ಮಥಪ್ಪನಿಗೆ ಹೊಸ ಲಿಂಗ ಕಟ್ಟಿದರು. ಗುಂಡಮ್ಮನಿಗೆ ಹನ್ನೊಂದು ಸೋಮವಾರದ ಉಪವಾಸ ವಿಧಿಸಿ ಹೋದರು. ಒಲೆಯ ಮುಂದೆ ಪೇರಿಸಿಟ್ಟ ರೊಟ್ಟಿ, ಪುಂಡಿಪಲ್ಲೆ, ಒಂದು ತಾಟು. ಮನ್ಮಥಪ್ಪ ಪೂಜೆಗೆ ಕುಳಿತ. ಈ ಸಲ ಗೋಡೆಯ ಕಡೆಗಲ್ಲ, ತಾಯಿಯ ಕಡೆಗೆ ಮುಖ ಮಾಡಿ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೋಡತೊಡಗಿದ. ನೋಡಿದ, ನೋಡಿದ, ನೋಡುತ್ತಲೇ ಇದ್ದ. ರೊಟ್ಟಿ ಆರಿತು. ಅವನ ಮೈ ಸಣ್ಣಗೆ ತೂಗುತ್ತಿತ್ತು. ಈಗ ಬಿದ್ದಾನು, ಈಗ ಬಿದ್ದಾನು ಎಂದು ಗುಂಡಮ್ಮ ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕುಳಿತು ಅವನ ಉಸಿರು ಎಣಿಸುತ್ತಿದ್ದಳು.

“ಇವತ್ತೇನೋ ಇಷ್ಟು ಭಕ್ತಿ!” ಎಂದಳು ಕೇಶರಬಾಯಿ, ಕಣ್ಣು ಒರೆಸಿಕೊಳ್ಳುತ್ತ. “ಸಾಕು ಮಾಡೋ. ಶಿವಗೂ ಹಸಿವಿ ಆಗಿರ್ತದ.”

ಅವನು ಲಿಂಗವನ್ನು ಕಣ್ಣಿಗೊತ್ತಿ ಕೊರಳಿಗೆ ಕಟ್ಟಿಕೊಂಡ. ರೊಟ್ಟಿ ಮುರಿಯಲು ಬೆರಳಿಗೆ ಬಲ ಸಾಲದೆ ತಾಯಿಯೇ ಮುರಿದುಕೊಟ್ಟಳು. ಆಮೇಲೆ ಅವಳು ಇನ್ನೊಂದು ತಾಟು ತೆಗೆದು, ಎರಡು ರೊಟ್ಟಿ ಒಗೆದು, ಬಾಗಿಲಾಚೆಗೆ ನೂಕಿದಳು.

“ಇವತ್ತು ಸೋಮವಾರಲ್ಲ. ಉಣ್ಣು.”

ಗುಂಡಮ್ಮ ತಾಟಿಗೆ ಕೈ ಹಾಕಲಿಲ್ಲ. ಮನ್ಮಥಪ್ಪನ ಗಂಟಲನ್ನೇ ನೋಡುತ್ತಿದ್ದಳು. ತುತ್ತು ಬಾಯಿಗೆ ಹೋಯಿತು. ಅವನು ಬಹಳ ಹೊತ್ತು ಅಗಿದ.

“ಸಾವಕಾಶ, ತಮ್ಮಾ,” ಎಂದಳು. “ಗಂಟಲಾಗ ಸಿಕ್ಕೀತು.”

ಅವನು ನುಂಗಿದ.